ಮಸಿತಲೆಯ ಎಣಿಕೆ

ನಮ್ಮೂರಿನಲ್ಲಿ ಒಬ್ಬರಿಗೆ ಒಂದೇ ಜಾತಿಯ ಹಕ್ಕಿಯ ದನಿ ಕೇಳಿಸುತ್ತದೆ. ಗುಡುಗು, ಗಂಟೆ, ಗರಗಸ, ಮಗುವಿನ ಅಳು ಎಲ್ಲರಿಗೂ ಒಂದೇ. ಹಕ್ಕಿ ಮಾತ್ರ ಅವರವರದು. ನನ್ನದು ಹಳದಿಕೊರಳ. ನನ್ನ ಗಂಡನದು ಮರಕುಟಿಕ. ಮದುವೆಯಾದ ಹೊಸದರಲ್ಲಿ ನಾನು ಬೆಳಗಾಗುತ್ತಲೇ “ಅಬ್ಬಾ, ಏನು ಗಲಾಟೆ ಇವುಗಳದು!” ಅಂದರೆ ಅವರು ಹೊದಿಕೆ ಸರಿಸಿ “ಎಲ್ಲಿ ಗಲಾಟೆ?” ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ಪೂರ್ತಿ ನಂಬಿಕೆ ಬಂತೋ ಇಲ್ಲವೋ, ಅವರು ತೀರಿಕೊಂಡು ಹನ್ನೆರಡು ವರ್ಷವಾದರೂ ನನಗೆ ಗೊತ್ತಿಲ್ಲ.

ಊರಿನ ಬಡಗಣಕ್ಕೆ ಕಾಡು. ಅದರ ಆಚೆ ಕೊನೆ ಕಂಡವರಿಲ್ಲ. ಸೂಜಿಮರಗಳು, ಬಿಳಿತೊಗಟೆಯ ಮರಗಳು, ನಡುನಡುವೆ ಕಾಲಿಟ್ಟರೆ ಮೊಳಕಾಲವರೆಗೆ ಎಳೆದುಕೊಳ್ಳುವ ಜೌಗು. ವರ್ಷದಲ್ಲಿ ಐದು ತಿಂಗಳು ಹಿಮ. ಸೂರಿನ ಹಿಮ ಜಾರಿಬಿದ್ದ ದಿನದಿಂದ ನಾಲ್ಕು ವಾರ ಊರಿಗೆ ಊರೇ ಎಣಿಕೆಗೆ ಹೊರಡುತ್ತದೆ. ಪ್ರತಿಯೊಂದು ಹಕ್ಕಿಯ ಹೆಸರಿನಲ್ಲೂ ಕಾಡಿನ ಒಂದೊಂದು ಪಾಲು ಇದೆ. ಆ ಹಕ್ಕಿ ಕೇಳಿಸುವವರು ಆ ಪಾಲಿನೊಳಗೆ ನಸುಕಿನಲ್ಲಿ ನಡೆದು ಎಷ್ಟು ಕೇಳಿತು ಎಂದು ಬಂದು ಹೇಳಬೇಕು, ಕಚೇರಿಯವರು ಬರೆದುಕೊಳ್ಳಬೇಕು. ಮೂರು ವಸಂತ ಸಾಲಾಗಿ ಒಂದು ಹಕ್ಕಿ ಕೇಳಿಸಲಿಲ್ಲ ಎಂದಾದರೆ ಅದರ ಪಾಲಿಗೆ ಗರಗಸ ಹೋಗುತ್ತದೆ. ಊರು ಬದುಕುವುದು ಮರದಿಂದಲೇ. ಇನ್ನೊಂದು ಮಾತು: ಕೇಳಿದ್ದಕ್ಕೆ ಮಾತ್ರ ಬೆಲೆ, ಕಂಡದ್ದಕ್ಕಿಲ್ಲ. ಎಲೆಯ ನಡುವೆ ಹಾರುವ ಬೂದು ಹಕ್ಕಿಗಳೆಲ್ಲ ಒಂದೇ ತರಹ ಕಾಣುತ್ತವೆ, ಕಣ್ಣನ್ನು ನಂಬಿ ಹಿಂದೆ ಯಾರೋ ಮೋಸಹೋಗಿದ್ದರಂತೆ.

ಒಬ್ಬರ ಕಿವಿಯೊಳಗೆ ಇನ್ನೊಬ್ಬರು ಇಣುಕುವ ಹಾಗಿಲ್ಲವಲ್ಲ. ಹಾಗಾಗಿ ನಮ್ಮಲ್ಲಿ ಅನುಮಾನವೆಂಬುದು ಉಪ್ಪಿನ ಹಾಗೆ, ಎಲ್ಲ ಅಡುಗೆಗೂ ಬೀಳುತ್ತದೆ. ನನ್ನ ಕೆಲಸವೇ ಅದು. ಎಣಿಕೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ತಪಾಸಣೆಯವಳು. ಬಸಲಿಂಗ ಎಂಬೊಬ್ಬ ಜೌಗಿನಲ್ಲಿ ಅರವತ್ತು ಹಕ್ಕಿ ಕೇಳಿದೆ ಎಂದು ಬರೆಸಿ ಹೋದಾಗ ನಾನು ಅವನ ಮನೆಗೆ ಹೋಗಿ ಮಾತಾಡಿಸುವ ನೆಪದಲ್ಲಿ ಅವನ ಜೌಗಿನ ಬೂಟು ಎತ್ತಿ ನೋಡಿದ್ದೆ. ಒಳಗೆ ಜೇಡ ಬಲೆ ಕಟ್ಟಿತ್ತು. ಅಂದಿನಿಂದ ಊರಿನವರು ನಾನು ಬಂದರೆ ಮೊದಲು ಬೂಟು ಒಳಗಿಡುತ್ತಾರೆ, ಆಮೇಲೆ ಕೂರಲು ಮಣೆ ಕೊಡುತ್ತಾರೆ.

ನನ್ನ ಮೇಲೂ ಜನಕ್ಕೆ ಅನುಮಾನವಿತ್ತು. ನಾನು ಹುಡುಗಿಯಾಗಿದ್ದಾಗ ಹಳದಿಕೊರಳ ಕೇಳುತ್ತಿದ್ದುದು ಇಡೀ ಊರಿಗೆ ನನಗೆ ಮತ್ತು ಅಂಚೆ ಹಂಚುವ ಒಬ್ಬ ಮುದುಕನಿಗೆ. ಆಗ ಕಾಡಿನಲ್ಲಿ ಇದ್ದದ್ದೇ ಹನ್ನೊಂದು ಹಳದಿಕೊರಳ. ಈಗ ಬೇಲಿಬೇಲಿಯ ಮೇಲೂ ಅವೇ. ತೆಂಕಣದಿಂದ ವರ್ಷವರ್ಷವೂ ಮೇಲೆ ಬರುತ್ತಿವೆ. ಹುಟ್ಟುವ ಮಕ್ಕಳಲ್ಲಿ ಅರ್ಧಕ್ಕರ್ಧ ಹಳದಿಕೊರಳದವರೇ. ಹಳೆಯ ಕಾಡಿನ ಹಕ್ಕಿಗಳ ದಾಖಲೆ ಮಾತ್ರ ತೆಳ್ಳಗಾಗುತ್ತ ಬಂತು. ಹಿಮಗೊರವದ ಪುಸ್ತಕ ಮುಚ್ಚಿದ್ದು ನಮ್ಮಮ್ಮ ತೀರಿಕೊಂಡ ವರ್ಷ. ಅದರ ಪಾಲಿನಲ್ಲಿ ಈಗ ಬರೀ ಬುಡಗಳು, ಬುಡಗಳ ನಡುವೆ ಎದ್ದ ಪೊದೆಗಳಲ್ಲಿ ನನ್ನ ಹಳದಿಕೊರಳಗಳು. ನಾನೇ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬಿಟ್ಟೆನೇನೋ ಎನ್ನುವ ಹಾಗೆ ಹಿರಿಯರು ನನ್ನನ್ನು ನೋಡುತ್ತಿದ್ದರು.

ಆ ವರ್ಷ ಎಣಿಕೆ ಶುರುವಾಗುವುದಕ್ಕೆ ಎರಡು ದಿನ ಮೊದಲು ಕಚೇರಿಯ ಮುಖ್ಯಸ್ಥರಾದ ಧರಣಪ್ಪನವರು ನನ್ನನ್ನು ಕರೆದರು. ಅರವತ್ತರ ಹತ್ತಿರದವರು, ಮಾತು ಕಡಿಮೆ, ಶುಭ್ರವಾದ ಬಟ್ಟೆ. ಮೇಜಿನ ಮೇಲೆ ಮಸಿತಲೆಯ ಪುಸ್ತಕ ಬಿಚ್ಚಿತ್ತು.

“ಇದನ್ನ ನೋಡಿದ್ದೀರಾ ತುಂಗಮ್ಮ?”

ನೋಡಿದ್ದೆ. ಮಸಿತಲೆ ಎಂದರೆ ಹಿಡಿಗಾತ್ರದ ಬೂದು ಹಕ್ಕಿ, ನೆತ್ತಿ ಮಾತ್ರ ಮಸಿ ಬಳಿದ ಹಾಗೆ. ನಿಂತಲ್ಲೇ ಸತ್ತು ಕೊಳೆತ ಮರದಲ್ಲಿ ತಾನೇ ತೂತು ಕೊರೆದು ಗೂಡು ಮಾಡುತ್ತದೆ. ಒಂದು ಕಾಲಕ್ಕೆ ಅದು ಕೇಳುವವರು ಎಪ್ಪತ್ತು ಮಂದಿ ಇದ್ದರು. ಒಬ್ಬೊಬ್ಬರಾಗಿ ಹೋಗಿ ಈಗ ಉಳಿದದ್ದು ಕಾಳಿಂಗಯ್ಯ ಒಬ್ಬನೇ. ನಲವತ್ತು ವರ್ಷದಿಂದ ಮಸಿತಲೆಯ ಮಗು ಊರಿನಲ್ಲಿ ಹುಟ್ಟಿರಲಿಲ್ಲ. ಹಿಂದಿನ ಒಂಬತ್ತು ವಸಂತಗಳಲ್ಲಿ ಕಾಳಿಂಗಯ್ಯ ಬರೆಸಿದ ಸಂಖ್ಯೆಗಳು ಹೀಗಿದ್ದವು: ಮೂವತ್ತನಾಲ್ಕು, ಮೂವತ್ತಮೂರು, ಮೂವತ್ತೊಂದು, ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಇಪ್ಪತ್ತೇಳು, ಇಪ್ಪತ್ತೈದು, ಇಪ್ಪತ್ತನಾಲ್ಕು.

“ಮೆಟ್ಟಿಲು ಇಳಿದ ಹಾಗಿದೆ,” ಅಂದೆ.

“ಹಕ್ಕಿ ಮೆಟ್ಟಿಲು ಇಳಿಯುತ್ತದಾ?”

ಇಳಿಯುವುದಿಲ್ಲ. ಹಕ್ಕಿ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಆರು ವರ್ಷದ ಹಿಂದೆ ಬಾವಿಯ ನೀರೇ ಹೆಪ್ಪುಗಟ್ಟಿದ ಚಳಿ ಬಂದಿತ್ತು. ಆ ವಸಂತದಲ್ಲಿ ಎಲ್ಲ ಸಣ್ಣ ಹಕ್ಕಿಗಳೂ ಅರ್ಧಕ್ಕೆ ಇಳಿದಿದ್ದವು. ಕಾಳಿಂಗಯ್ಯನ ಮಸಿತಲೆ ಮಾತ್ರ ಒಂದೇ ಒಂದು ಕಡಿಮೆಯಾಗಿತ್ತು.

“ನೀವು ಜೊತೆಗೆ ಹೋಗಿ ಬನ್ನಿ,” ಅಂದರು ಧರಣಪ್ಪನವರು. “ಸುಳ್ಳಾದರೆ ಹಿಂದಿನದ್ದೆಲ್ಲ ಸೊನ್ನೆ. ಪಾಲು ಈ ಬೇಸಿಗೆಯಲ್ಲೇ ಬಿಟ್ಟುಕೊಡಬೇಕಾಗುತ್ತದೆ.”

ಮರ ಕೊಯ್ಯುವ ಮಿಲ್ಲು ಅವರ ಹೆಂಡತಿಯ ತಮ್ಮನದು. ಇದೂ ನನ್ನ ಮನಸ್ಸಿನಲ್ಲಿತ್ತು. ಎದುರಿಗಿರುವವನ ಮೇಲೆ ಒಂದು ಕಣ್ಣಿಟ್ಟರೆ ಕಳಿಸಿದವನ ಮೇಲೆ ಇನ್ನೊಂದು ಕಣ್ಣು ಇಡುವುದು ನನ್ನ ಅಭ್ಯಾಸ.

ಕಾಳಿಂಗಯ್ಯನಿಗೆ ಎಪ್ಪತ್ತೊಂದು. ಮಗಳು ರೇವಕ್ಕನ ಜೊತೆ ಕಾಡಿನಂಚಿನಲ್ಲಿ ಇದ್ದ. ಅವಳು ಉಣ್ಣೆ ನೂತು ಕಂಬಳಿ ನೇಯುವವಳು, ನನ್ನ ವಯಸ್ಸಿನವಳೇ. ನಾನು ಹೋದಾಗ ಅವಳು ರಾಟೆ ತಿರುಗಿಸುತ್ತಿದ್ದಳು. ಆ ರಾಟೆ ಎಣ್ಣೆ ಕಾಣದೆ ಎಷ್ಟು ಸಣ್ಣಗೆ, ಎಷ್ಟು ಹರಿತವಾಗಿ ಕಿರುಗುಟ್ಟುತ್ತಿತ್ತೆಂದರೆ ನನ್ನ ಹಲ್ಲು ಜುಮ್ಮೆಂದವು. ಕಾಳಿಂಗಯ್ಯ ಅದರ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಗಂಜಿ ಕುಡಿಯುತ್ತಿದ್ದ.

“ಬನ್ನಿ ತುಂಗಮ್ಮ. ಬೂಟು ಹೊರಗೇ ಇದೆ, ನೋಡ್ಕೊಳ್ಳಿ,” ಅಂದಳು ರೇವಕ್ಕ.

“ನಾಳೆ ನಾನೂ ನಿಮ್ಮಪ್ಪನ ಜೊತೆ ಹೋಗ್ತೀನಿ,” ಅಂದೆ.

ಅವಳ ಕೈ ರಾಟೆಯ ಮೇಲೆ ನಿಂತಿತು. ಕಾಳಿಂಗಯ್ಯ ಬಟ್ಟಲಿನಿಂದ ಮುಖ ಎತ್ತಿ “ಬರ್ಲಿ ಬಿಡವ್ವ. ಕಾಡು ನಮ್ಮಪ್ಪಂದಾ?” ಅಂದ.

ಮರುದಿನ ನಸುಕಿನಲ್ಲಿ ಹೊರಟೆವು. ಮುದುಕನ ನಡಿಗೆ ಚುರುಕು. ಒಂದು ಒಣಮರದ ಮುಂದೆ ನಿಲ್ಲುತ್ತಿದ್ದ, ಕುತ್ತಿಗೆ ವಾಲಿಸುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, “ಒಂದು” ಅನ್ನುತ್ತಿದ್ದ. ಸ್ವಲ್ಪ ದೂರ ಹೋಗಿ ಇನ್ನೊಂದು ಮರದ ಮುಂದೆ ಮತ್ತೆ ಹಾಗೆಯೇ. ಎಷ್ಟು ಸಹಜವಾಗಿತ್ತೆಂದರೆ ನನಗೂ ನಂಬಬೇಕೆನಿಸಿತು. ನನಗೆ ಕೇಳಿದ್ದು ಮಾತ್ರ ನನ್ನ ಹಳದಿಕೊರಳ ಒಂದೇ. ಅಷ್ಟು ಒಳಗೂ ಅದು ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಅವನದು ಇಪ್ಪತ್ತಮೂರು ಆಯಿತು. ಅವನು ನಿಂತ ಪ್ರತಿಯೊಂದು ಮರಕ್ಕೂ ನಾನು ಅವನಿಗೆ ಕಾಣದ ಹಾಗೆ ತೊಗಟೆಯ ಮೇಲೆ ಸೀಮೆಸುಣ್ಣದ ಗೀರು ಎಳೆದಿದ್ದೆ.

ಒಂದು ವಾರ ಬಿಟ್ಟು ಮತ್ತೆ ಹೋದೆವು. ಆ ದಿನ ಮಂಜು ಮೂರು ಹೆಜ್ಜೆಯಾಚೆಗೆ ಏನೂ ಕಾಣದಷ್ಟು ದಟ್ಟವಾಗಿತ್ತು. ಹಿಂದಿನ ರಾತ್ರಿ ಗಾಳಿ ಬೀಸಿದ್ದರಿಂದ ನಾನು ಬೇಕೆಂದೇ ಆ ದಿನವನ್ನು ಆರಿಸಿದ್ದೆ. ಕಾಳಿಂಗಯ್ಯ ಹೆಜ್ಜೆ ಲೆಕ್ಕದಲ್ಲಿ ನಡೆದು ಹಳೆಯ ಜಾಗಗಳಲ್ಲೇ ನಿಂತ. ಒಂದು, ಎರಡು, ಮೂರು. ಏಳನೆಯ ಕಡೆಯಲ್ಲಿ ಕುತ್ತಿಗೆ ವಾಲಿಸಿ ಕಣ್ಣು ಮುಚ್ಚಿ “ಏಳು. ಮೇಲ್ಗಡೆ ಟೊಂಗೇಲಿ ಕೂಗ್ತಾ ಇದೆ” ಅಂದ. ನಾನು ಅವನ ಕೈ ಹಿಡಿದು ನಾಲ್ಕು ಹೆಜ್ಜೆ ಮುಂದೆ ಕರೆದುಕೊಂಡು ಹೋದೆ. ನನ್ನ ಸೀಮೆಸುಣ್ಣದ ಗೀರು ನೆಲದಲ್ಲಿತ್ತು. ಮರ ಬುಡ ಮುರಿದು ಉದ್ದಕ್ಕೆ ಮಲಗಿತ್ತು. ಮೇಲ್ಗಡೆ ಟೊಂಗೆಯೂ ಇರಲಿಲ್ಲ, ಮೇಲ್ಗಡೆಯೇ ಇರಲಿಲ್ಲ.

ಅವನು ಬಿದ್ದ ಮರದ ಮೇಲೆಯೇ ಕೂತ. ಕಳ್ಳರನ್ನು ಹಿಡಿದಾಗ ನನಗೊಂದು ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ದಿನವೂ ಆಯಿತು. ಅವನು ಬಾಯಿ ಬಿಟ್ಟ ಮೇಲೆ ಹೋಯಿತು.

“ಒಂಬತ್ತು ವರ್ಷ ಆಯ್ತು ತಾಯಿ. ಒಂದು ವಸಂತ ಬಂದೆ, ಕಾಡು ಸುಮ್ಮನಿತ್ತು. ಹಿಂದಿನ ವರ್ಷ ಮೂವತ್ತೈದು ಕೇಳಿತ್ತು. ಒಂದೇ ಚಳಿಗಾಲದಲ್ಲಿ ಮೂವತ್ತೈದೂ ಹೋಗ್ತವಾ?”

“ಹಾಗಾದರೆ ಅದನ್ನೇ ಹೇಳಬೇಕಾಗಿತ್ತು. ಕೇಳಲಿಲ್ಲ ಅಂತ.”

“ಹೇಳಬಹುದಿತ್ತು. ಆದರೆ ಹಕ್ಕಿ ಹೋಯ್ತೋ, ನನ್ನ ಕಿವಿ ಹೋಯ್ತೋ? ಇನ್ನೊಬ್ಬನಿಗೆ ಕೇಳೋ ಹಕ್ಕಿ ಆಗಿದ್ರೆ ಕರ್ಕೊಂಡು ಬಂದು, ಲೋ, ನಿಂಗೆ ಕೇಳ್ತದೇನೋ ಅಂತ ಕೇಳ್ತಿದ್ದೆ. ಇರೋನು ನಾನೊಬ್ಬ. ಕಿವಿ ಹೋಗಿದ್ದು ನಂದಾಗಿ, ನಾನು ಸೊನ್ನೆ ಬರೆಸಿ, ಅವು ಗೂಡಲ್ಲಿ ಕೂತಿದ್ದಾಗಲೇ ಗರಗಸ ಬಂದ್ರೆ?”

ಚೆನ್ನಾಗಿ ಕಟ್ಟಿದ ಕಥೆ ಎಂದೇ ಮೊದಲು ಅನಿಸಿತು. ನನ್ನ ಮಾತೆಲ್ಲ ಅವನಿಗೆ ಸರಿಯಾಗಿ ಕೇಳುತ್ತಿತ್ತಲ್ಲ. ಆಗ ರೇವಕ್ಕನ ರಾಟೆ ನೆನಪಾಯಿತು. ಅವನ ಮನೆಗೆ ಹಿಂತಿರುಗಿ ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಬಾಗಿಲ ಚಿಲಕ ಅಲುಗಿಸಿದೆ, ಹೇಳಿದ. ಒಲೆಯ ಬೂದಿ ಕೆದಕಿದೆ, ಹೇಳಿದ. ರಾಟೆ ತಿರುಗಿಸಿದೆ, ಅದು ಜೀವ ಹೋಗುವ ಹಾಗೆ ಕಿರುಗುಟ್ಟಿತು, ರೇವಕ್ಕ ಕಿವಿ ಮುಚ್ಚಿಕೊಂಡಳು. ಅವನು ಗೋಡೆ ನೋಡುತ್ತ “ಹೂಂ, ಮುಂದೆ?” ಅಂದ.

ರೇವಕ್ಕ ಅಳುವುದಕ್ಕೆ ಶುರುಮಾಡಿದಳು. ಅಪ್ಪನಿಗೆ ಸಣ್ಣ ದನಿಗಳು ಕೇಳುವುದಿಲ್ಲ ಎಂದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲವಂತೆ. ಅಪ್ಪ ಬಹಳ ಸಹನೆಯವನು ಎಂದುಕೊಂಡಿದ್ದಳಂತೆ.

ಹೀಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕಿವಿ ಹೋಗಿತ್ತು, ನಿಜ. ಹಕ್ಕಿಯೂ ಹೋಗಿರಬಹುದಲ್ಲ. ನೋಡುವುದೊಂದೇ ದಾರಿ. ಮುದುಕನಿಗೆ ಮರಗಳು ಗೊತ್ತಿದ್ದವು, ನನಗೆ ಕಣ್ಣಿತ್ತು. ಹನ್ನೊಂದು ದಿನ ನಾವಿಬ್ಬರೂ ಒಂದೊಂದು ಒಣಮರದ ಮುಂದೆಯೂ ಕಂಬಳಿ ಹೊದ್ದು ಕೂತೆವು. ಮೊದಲ ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಒಂದು ಬಿಳಿತೊಗಟೆ ಮರದ ಬುಡದಲ್ಲಿ ಮರದ ಹೊಸ ಹೊಟ್ಟು ಬಿದ್ದಿತ್ತು, ಹಿಟ್ಟು ಚೆಲ್ಲಿದ ಹಾಗೆ. ತಲೆ ಎತ್ತಿದೆವು. ಹೆಬ್ಬೆರಳು ಹೋಗುವಷ್ಟು ತೂತು. ಅದರಿಂದ ಮಸಿ ಬಳಿದ ನೆತ್ತಿಯೊಂದು ಹೊರಬಂತು, ಅತ್ತಿತ್ತ ನೋಡಿತು, ಪಕ್ಕದ ಟೊಂಗೆಗೆ ಹಾರಿ ಕೊಕ್ಕು ತೆರೆಯಿತು. ಅದರ ಗಂಟಲು ನಡುಗುವುದು ನನಗೆ ಕಾಣುತ್ತಿತ್ತು. ಬಾಲ ಕೂಡ ನಡುಗುತ್ತಿತ್ತು. ಅಷ್ಟು ಜೋರಾಗಿ ಕೂಗುತ್ತಿದ್ದರೂ ಕಾಡಿನಲ್ಲಿ ಸದ್ದಿಲ್ಲ. ಕಾಳಿಂಗಯ್ಯ ಬಾಯಿಯ ಮೇಲೆ ಕೈ ಇಟ್ಟುಕೊಂಡ. “ಕೂಗ್ತಿದೆ ಅಲ್ವಾ ತಾಯಿ? ಕೂಗ್ತಿದೆ ತಾನೆ?” ಎಂದು ಕೇಳುತ್ತಲೇ ಇದ್ದ. ಹೌದು, ಕೂಗುತ್ತಿದೆ ಎಂದು ನಾನು ಹೇಳಿದೆ.

ಹನ್ನೊಂದು ದಿನದಲ್ಲಿ ನಾಲ್ಕು ಗೂಡು ಸಿಕ್ಕವು. ನಾಲ್ಕು ಜೋಡಿ, ಜೊತೆಯಿಲ್ಲದ ಒಂದು. ಒಟ್ಟು ಒಂಬತ್ತು.

“ಇಪ್ಪತ್ತಮೂರು ಅಂತಲೇ ಬರೆದುಬಿಡಿ,” ಅಂದ ಕಾಳಿಂಗಯ್ಯ. “ನನ್ನ ಹೆಸರು ಬೇಕಾದರೆ ಮುಂದಿನ ವರ್ಷ ಹೊಡೆದುಹಾಕಿ. ಅಷ್ಟರಲ್ಲಿ ಮರಿ ಹಾರಿರ್ತವೆ.”

“ನನ್ನ ಕೈಯಿಂದ ಸುಳ್ಳು ಬರೆಯೋದಕ್ಕಾಗಲ್ಲ.”

ರೇವಕ್ಕ ಅಂಗಳದಲ್ಲಿ ಉಣ್ಣೆ ಒಣಗಹಾಕುತ್ತಿದ್ದವಳು ಅಲ್ಲಿಂದಲೇ ಅಂದಳು: “ಬರೀಬೇಡಿ ಬಿಡಿ. ಕಾಡು ಬಿದ್ದರೆ ನಿಮ್ಮ ಹಕ್ಕಿಗೆ ಇನ್ನಷ್ಟು ಜಾಗ ಆಗುತ್ತಲ್ಲ.”

ಮನೆಗೆ ಬಂದು ಇಡೀ ವರದಿಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಒಂಬತ್ತು ವರ್ಷದ ಎಣಿಕೆ ಸುಳ್ಳು. ಕೇಳುಗನ ಕಿವಿ ಹೋಗಿದೆ. ಹಕ್ಕಿ ಇದೆ. ಒಂಬತ್ತನ್ನು ಹಳದಿಕೊರಳ ಕೇಳುವ ತುಂಗಮ್ಮ ಕಣ್ಣಾರೆ ಕಂಡಿದ್ದಾಳೆ.

ಧರಣಪ್ಪನವರು ಓದಿ ಕನ್ನಡಕ ತೆಗೆದರು. “ಕಂಡದ್ದಕ್ಕೆ ಬೆಲೆಯಿಲ್ಲ. ಅದು ನಿಮಗೇ ಗೊತ್ತು.”

“ಗೊತ್ತು. ಆದರೂ ಬರೆದಿದ್ದೀನಿ.”

“ಬೇರೆ ಬೂದು ಹಕ್ಕಿ ಆಗಿರಬಹುದು.”

“ನೆತ್ತಿ ಕಪ್ಪಗಿತ್ತು.”

“ನೆರಳು ಬಿದ್ದಿರಬಹುದು.” ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಇಪ್ಪತ್ತೆರಡು ವರ್ಷ ನಾನು ಬೇರೆಯವರನ್ನು ನೋಡಿದ ನೋಟ ಅದು. ನನ್ನ ಮೈ ಮೇಲೆ ಬಿದ್ದಾಗ ಅದು ಎಷ್ಟು ತಣ್ಣಗಿರುತ್ತದೆ ಎಂದು ಆಗ ತಿಳಿಯಿತು. “ಕಾಳಿಂಗಯ್ಯನ ಮಗಳು ಕಂಬಳಿ ಚೆನ್ನಾಗಿ ನೇಯುತ್ತಾಳಂತೆ.”

ನಾನು ಕಾಡಿನಲ್ಲಿ ಹೊದ್ದ ರೇವಕ್ಕನ ಕಂಬಳಿ ಆಗಲೇ ಊರಿನ ಬಾಯಿಗೆ ಬಿದ್ದಿತ್ತು. ಸಂತೆಯಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸತೊಡಗಿದರು. ಬಸಲಿಂಗನಂತೂ ನನ್ನ ಅಂಗಳಕ್ಕೇ ಬಂದು, ನಗುತ್ತ, ಬಾಗಿಲ ಪಕ್ಕ ಇಟ್ಟಿದ್ದ ನನ್ನ ಬೂಟು ಎತ್ತಿ ಒಳಗೆ ಇಣುಕಿ ನೋಡಿ ಹೋದ. ಅದೇ ವಾರ ಮಿಲ್ಲಿನ ಆಳುಗಳು ಮಸಿತಲೆಯ ಪಾಲಿನ ಅಂಚಿನ ಮರಗಳಿಗೆ ಕೆಂಪು ಹಗ್ಗ ಸುತ್ತಿ ಡೇರೆ ಹಾಕಿದರು.

ನಾನು ಮತ್ತೆ ಧರಣಪ್ಪನವರ ಮುಂದೆ ನಿಂತೆ. “ನನ್ನ ಮೇಲೆ ಅನುಮಾನವಿದ್ದರೆ ನನ್ನನ್ನೂ ತಪಾಸಣೆ ಮಾಡಿ. ಅದೂ ನಿಯಮವೇ. ತಪಾಸಣೆಯವಳ ತಪಾಸಣೆ ಮುಖ್ಯಸ್ಥರೇ ಮಾಡಬೇಕು. ನೀವೇ ಬನ್ನಿ.”

ಅವರು ಬರುವುದಿಲ್ಲ ಎನ್ನಲು ಕಾರಣ ಹುಡುಕಿದರು. ಮೊಣಕಾಲು ನೋವು ಅಂದರು, ಪುಸ್ತಕಗಳು ಬಾಕಿ ಇವೆ ಅಂದರು. ಪಕ್ಕದ ಮೇಜುಗಳವರು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಬಂದರು.

ಮೂರು ಜನ ಬಿದ್ದ ಮರವೊಂದರ ಮರೆಯಲ್ಲಿ ಕೂತೆವು, ನಡುವೆ ಧರಣಪ್ಪನವರು, ಆಚೀಚೆ ನಾನು ಮತ್ತು ಕಾಳಿಂಗಯ್ಯ. ಎದುರಿಗೆ ಗೂಡಿನ ತೂತು. ಮೊದಲ ದಿನ ಹಕ್ಕಿ ಹತ್ತಿರ ಬರಲಿಲ್ಲ. ಎರಡನೆಯ ದಿನ ಮಳೆ. ಕಾಳಿಂಗಯ್ಯ ತನ್ನ ಕಂಬಳಿ ಅವರಿಗೆ ಹೊದಿಸಹೋದ, ಅವರು ಬೇಡವೆಂದರು. ಎರಡೂ ದಿನ ಅವರ ಮುಖ ಬೆವರಿತ್ತು. ಅಷ್ಟು ಚಳಿಯಲ್ಲಿ ಮನುಷ್ಯನಿಗೆ ಬೆವರು ಯಾಕೆ ಎಂದು ನಾನು ಯೋಚಿಸಿದೆ. ಮಿಲ್ಲಿನ ವಿಷಯದಲ್ಲಿ ಸಿಕ್ಕಿಬೀಳುವ ಭಯವಿರಬೇಕು ಅಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಬಿಸಿಲು ಹಿತವಾಗಿ ಬಿತ್ತು. ನಾನು ತೂತನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಧರಣಪ್ಪನವರ ತಲೆ ಎಡಕ್ಕೆ ತಿರುಗಿತು. ತೂತಿದ್ದದ್ದು ಎದುರಿಗೆ. ಅವರು ನೋಡಿದ ಕಡೆ ಏನೂ ಇರಲಿಲ್ಲ, ದಟ್ಟ ಸೂಜಿಮರಗಳು ಅಷ್ಟೇ. ತಕ್ಷಣ ಅವರು ತಲೆ ನೇರ ಮಾಡಿಕೊಂಡರು. ಇಪ್ಪತ್ತು ಎಣಿಸುವಷ್ಟು ಹೊತ್ತಾಯಿತು. ಆ ಸೂಜಿಮರಗಳ ಒಳಗಿನಿಂದ, ಸರಿಯಾಗಿ ಅವರು ನೋಡಿದ ಕಡೆಯಿಂದಲೇ, ಬಾಯಲ್ಲಿ ಹುಳ ಕಚ್ಚಿಕೊಂಡ ಮಸಿತಲೆ ಹಾರಿಬಂದು ಗೂಡಿಗೆ ನುಗ್ಗಿತು.

ಮತ್ತೆ ಕಾದೆ. ಈ ಸಲ ಹಕ್ಕಿಯನ್ನು ಬಿಟ್ಟು ಅವರ ಕುತ್ತಿಗೆಯನ್ನೇ ನೋಡುತ್ತಿದ್ದೆ. ಅದು ಬಿಗಿಯಿತು, ಹಿಂದಕ್ಕೆ ತಿರುಗಲು ಹೊರಟು ನಿಂತಿತು. ಹಿಂದಿನಿಂದ ಜೋಡಿಯ ಇನ್ನೊಂದು ಹಕ್ಕಿ ನಮ್ಮ ತಲೆಯ ಮೇಲೆಯೇ ದಾಟಿ ಬಂತು.

“ಸಾಹೇಬರೇ,” ಅಂದೆ, “ನಿಮ್ಮದು ದೊಡ್ಡಗೊರವ ಅಲ್ವಾ?”

“ಹೌದು.”

ದೊಡ್ಡಗೊರವ ಊರಿನ ಗಣ್ಯರ ಹಕ್ಕಿ. ಇನ್ನೂರು ಮಂದಿಗೆ ಕೇಳುತ್ತದೆ. ಇನ್ನೂರು ಮಂದಿಯ ನಡುವೆ ಒಬ್ಬನ ಸಂಖ್ಯೆಯನ್ನು ಯಾರೂ ಪರೀಕ್ಷಿಸುವುದಿಲ್ಲ.

“ತಪಾಸಣೆ ನಡೀತಾ ಇದೆ. ನಾನು ಹೇಳಿದ ಹಾಗೆ ಮಾಡಬೇಕು,” ಎಂದು ನನ್ನ ತಲೆಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿದೆ. ಅದು ಯಾವ ನಿಯಮದಲ್ಲೂ ಇಲ್ಲ. ನನ್ನ ಮೇಲಧಿಕಾರಿಯ ಕಣ್ಣಿಗೆ ನಾನು ಬಟ್ಟೆ ಕಟ್ಟಿದೆ. ಅವರು ತಡೆಯಲಿಲ್ಲ. “ಈಗ ಎಲ್ಲಿದೆ, ತೋರಿಸಿ.”

ಬಹಳ ಹೊತ್ತು ಅವರ ಕೈ ಮೊಣಕಾಲ ಮೇಲೇ ಇತ್ತು. ಆಮೇಲೆ ಮೆಲ್ಲಗೆ ಎದ್ದು ಒಂದು ಟೊಂಗೆಯ ಕಡೆ ತೋರಿಸಿತು. ಹಕ್ಕಿ ಅಲ್ಲಿತ್ತು. ಅದು ಜಾಗ ಬದಲಿಸಿತು, ಬೆರಳೂ ಬದಲಿಸಿತು. ಮೂರನೆಯ ಸಲ ಅವರು ನಮ್ಮ ಯಾರಿಗೂ ಕಾಣದ ಕಡೆ ತೋರಿಸಿದರು. ನಾನು ಎದ್ದು ಪೊದೆ ಸರಿಸಿ ನೋಡಿದೆ. ಅಲ್ಲಿ ಐದನೆಯ ಗೂಡೊಂದಿತ್ತು.

ಕಾಳಿಂಗಯ್ಯ ಬಿದ್ದ ಮರದಿಂದ ಎದ್ದು ನಿಂತಿದ್ದ. “ನಿಮಗೆ ಕೇಳ್ತದಾ ಸ್ವಾಮಿ? ಇಷ್ಟು ವರ್ಷವೂ ಕೇಳ್ತಿತ್ತಾ?”

ಧರಣಪ್ಪನವರು ಕಣ್ಣಿನ ಬಟ್ಟೆ ತೆಗೆಯದೆಯೇ ಮಾತಾಡಿದರು. “ನಮ್ಮ ತಾಯಿ ಹೇಳಿಕೊಟ್ಟಳು. ಮಸಿತಲೆ ಕೇಳುವವರಿಗೆ ಆಗ ಹೆಣ್ಣು ಕೊಡುತ್ತಿರಲಿಲ್ಲ, ಹೆಣ ಹೊರುವುದಕ್ಕೆ ಕರೆಯುತ್ತಿದ್ದರು. ಕೊಳೆತ ಮರದ ಹಕ್ಕಿ, ಅಪಶಕುನ. ಕಚೇರಿಗೆ ಹೋಗಿ ದೊಡ್ಡಗೊರವ ಅನ್ನು ಮಗ ಅಂದಳು. ಅಂದೆ. ಒಂದು ಸಲ ಅಂದ ಮೇಲೆ ಮುಗಿಯಿತು. ಮನೆ ಕಾಡಿನಿಂದ ದೂರ ಮಾಡಿಕೊಂಡೆ. ಕಿಟಕಿ ತೆಗೆಯುತ್ತಿರಲಿಲ್ಲ.”

“ಗೊತ್ತಿದ್ದೂ ಕಾಡು ಕೊಯ್ಯಿಸ್ತಿದ್ರಾ?” ನನ್ನ ದನಿ ನನಗೇ ಒರಟಾಗಿ ಕೇಳಿತು.

“ಇದೆಯೋ ಇಲ್ಲವೋ ಎಂದು ನನಗೂ ಗೊತ್ತಿರಲಿಲ್ಲ. ಈ ಮನುಷ್ಯ ಇಪ್ಪತ್ತನಾಲ್ಕು ಅಂತ ಬರೆಸುತ್ತಿದ್ದ, ನಾನು ನೆಮ್ಮದಿಯಾಗಿದ್ದೆ. ಸುಳ್ಳು ಅಂತ ಅನುಮಾನ ಬಂದಾಗ…” ಅವರು ತಡೆದರು. “ಕಾಡೇ ಇಲ್ಲದಿದ್ದರೆ ನನ್ನ ಕಥೆಯೂ ಮುಗಿಯುತ್ತದೆ ಅಂದುಕೊಂಡೆ. ನಿಜ ಹೇಳಬೇಕಾದರೆ ಅಷ್ಟೇ.”

ಕಾಳಿಂಗಯ್ಯನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ. “ಒಂಬತ್ತು ತಾನೇ ಸ್ವಾಮಿ?”

“ಒಂಬತ್ತಲ್ಲ,” ಅಂದರು ಧರಣಪ್ಪನವರು. “ಮೂರು ದಿನ ಇಲ್ಲಿಗೆ ನಡೆದುಬಂದ ದಾರಿಯಲ್ಲೆಲ್ಲ ಕೇಳುತ್ತಿದ್ದೆ. ಹದಿಮೂರು.”

ಅವರು ಹಿಂದಿರುಗಿ ಪುಸ್ತಕದಲ್ಲಿ ದೊಡ್ಡಗೊರವದ ಸಾಲಿನಿಂದ ತಮ್ಮ ಹೆಸರು ಹೊಡೆದು ಮಸಿತಲೆಯ ಸಾಲಿನಲ್ಲಿ ಬರೆದರು. ಮುಂದೆ ಹದಿಮೂರು ಎಂದು ಹಾಕಿದರು. ಮುಖ್ಯಸ್ಥರ ಕೆಲಸ ಆ ಸಂಜೆಗೇ ಬಿಟ್ಟರು. ಮಿಲ್ಲಿನವರು ಡೇರೆ ಕಿತ್ತರು. ಧರಣಪ್ಪನವರ ಹೆಂಡತಿಯ ತಮ್ಮ ಅವರ ಮನೆಯ ಹೊಸಿಲು ಮತ್ತೆ ತುಳಿಯಲಿಲ್ಲ. ಹೆಂಡತಿ ಮೂರು ತಿಂಗಳು ಮಾತು ಬಿಟ್ಟಿದ್ದಳು ಎಂದು ಕೇಳಿದೆ. ಕಾಳಿಂಗಯ್ಯನ ಹೆಸರನ್ನು ಸುಳ್ಳಿನ ಕಾರಣಕ್ಕೆ ಎಣಿಕೆಯಿಂದ ತೆಗೆದುಹಾಕಿದರು. ಆ ಆಜ್ಞೆಗೆ ರುಜು ಹಾಕಿದವಳು ನಾನೇ. ರೇವಕ್ಕ ಇವತ್ತಿಗೂ ನನಗೆ ಮಣೆ ಕೊಡುವುದಿಲ್ಲ.

ಇದಾದ ಮೇಲೆ ಇನ್ನೊಂದು ನಡೆಯಿತು. ಮಧ್ಯಾಹ್ನದ ಹೊತ್ತು, ಕಚೇರಿಯಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು, ಹೆರಿಗೆ ಮಾಡಿಸುವ ಚೌಡಮ್ಮ ಬಂದು ನನ್ನ ಮೇಜಿನ ಹತ್ತಿರ ಬಗ್ಗಿ “ನಂದೂ ಗುಬ್ಬಿ ಅಲ್ಲ ತುಂಗಮ್ಮ” ಅಂದಳು. ಎರಡು ದಿನ ಬಿಟ್ಟು ಕುಲುಮೆಯ ಯಜಮಾನ ಬಂದ. ಆಮೇಲೆ ಒಬ್ಬ ತಾಯಿ ಬಂದಳು. ಹತ್ತು ವರ್ಷದ ಹಿಂದೆ ತನ್ನ ಮಗಳ ಕೈಹಿಡಿದು ಹಳದಿಕೊರಳ ಎಂದು ಬರೆಸಿಹೋದವಳು ಅವಳು. ನಲವತ್ತು ವರ್ಷದಿಂದ ಮಸಿತಲೆಯ ಮಗು ಹುಟ್ಟಿಲ್ಲ ಎಂದು ನಾವು ಬರೆದದ್ದೂ ಸುಳ್ಳಾಯಿತು. ನಮ್ಮ ಪುಸ್ತಕಗಳಲ್ಲಿ ಇನ್ನು ಯಾವ ಪುಟವನ್ನು ನಂಬಬೇಕೋ ನನಗೆ ತಿಳಿಯದು. ಹಿಮಗೊರವದ ಪುಟ ತೆಗೆದು ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಮರುವರ್ಷದ ಎಣಿಕೆಗೆ ಧರಣಪ್ಪನವರು ಹೊರಟಾಗ ಕಾಳಿಂಗಯ್ಯನೂ ಜೊತೆಗೆ ಹೊರಟ. ಹೆಸರಿಲ್ಲದಿದ್ದರೂ ಮರ ತೋರಿಸುವುದಕ್ಕೆ ಅವನು ಬೇಕಾಗಿತ್ತು. ನಾನು ತಪಾಸಣೆಗೆ ಹಿಂದೆ ಹೋದೆ. ಆ ಚಳಿಗಾಲ ಕೆಟ್ಟದಾಗಿತ್ತು, ಸಂಖ್ಯೆ ಹತ್ತಕ್ಕೆ ಇಳಿದಿತ್ತು. ಹತ್ತನೆಯದು ಕೂಗಿದಾಗ ಧರಣಪ್ಪನವರು ಬೆರಳೆತ್ತಿದರು, ನಾನು ಬರೆದುಕೊಂಡೆ. ಕಾಳಿಂಗಯ್ಯ ಅವರ ಬಾಯನ್ನೇ ನೋಡುತ್ತ ನಿಂತಿದ್ದ.

“ಸ್ವಾಮಿ, ಹೇಗೆ ಕೂಗ್ತದೆ, ಒಂದು ಸಲ ಮಾಡಿ ತೋರಿಸಿ. ದಪ್ಪ ದನೀಲಿ. ನನಗೆ ಮರೆತೇಹೋಗಿದೆ.”

ಧರಣಪ್ಪನವರು ಸುತ್ತ ನೋಡಿದರು. ಕಚೇರಿಯಲ್ಲಿ ಅವರು ಕೆಮ್ಮಿದ್ದನ್ನೂ ನಾನು ಕೇಳಿರಲಿಲ್ಲ. ತುಟಿ ಕೂಡಿಸಿ, ನಾಚಿಕೊಂಡು, ಮೆಲ್ಲಗೆ ಸಿಳ್ಳು ಹಾಕಿದರು. ದಪ್ಪಗೆ ಮೂರು ಚುಟುಕು ದನಿ, ಕೊನೆಗೆ ಇನ್ನೊಂದು. ನಾನು ಹುಟ್ಟಿದ ಮೇಲೆ ಮೊದಲ ಸಲ ಮಸಿತಲೆಯ ಕೂಗು ಕೇಳಿದೆ.

ಕಾಳಿಂಗಯ್ಯ ತಲೆಯಾಡಿಸಿದ. “ಅದಲ್ಲ ಸ್ವಾಮಿ. ಕೊನೇದನ್ನ ಎಳೀಬೇಕು. ಹೀಗೆ.” ಅವನು ಹಾಕಿ ತೋರಿಸಿದ. ಅವನ ಸಿಳ್ಳು ಕೊನೆಯಲ್ಲಿ ಇಳಿದು, ತಿರುಗಿ, ಉದ್ದಕ್ಕೆ ಹೋಗಿ ನಿಂತಿತು.

ಧರಣಪ್ಪನವರು ಕಾಡಿಗೆ ಕಿವಿಗೊಟ್ಟು ಒಂದು ಗಳಿಗೆ ನಿಂತರು. ಮತ್ತೆ ಕೂಗಿರಬೇಕು, ಅವರ ಮುಖ ಅತ್ತ ತಿರುಗಿತು.

“ನಾನು ಹುಡುಗನಾಗಿದ್ದಾಗ ಹಾಗೇ ಎಳೆಯುತ್ತಿದ್ದವು ಕಾಳಿಂಗಯ್ಯ,” ಅಂದರು. “ಈಗಿನವು ಎಳೆಯೋದಿಲ್ಲ.”